ಸೋಮಾ ಮುಗಿಯಿತು, ಹಸಿವು ಉಳಿಯಿತು

‘ಫುಡ್ ವಾರ್ಸ್’ ನೋಡಿ ಮುಗಿಸಿದವರೆಲ್ಲರ ಪ್ರಶ್ನೆ ಒಂದೇ: ಇನ್ನೇನು ನೋಡೋಣ? ಒಲೆಯೂ ನಗುವೂ ಜೊತೆಗಿರುವ ಅನಿಮೇಷನ್ ಸರಣಿಗಳು ಇಲ್ಲಿವೆ. ಯಾವುದು ಯಾರಿಗೆ ಹಿಡಿಸೀತು ಎಂಬ ಸಲಹೆಯೂ ಇದೆ.

ಮೊಟ್ಟೆಯಿಂದ ಏನಾದರೂ ಮಾಡಿ ಬಡಿಸಿ. ‘ಫುಡ್ ವಾರ್ಸ್’ನ ತೋತ್ಸುಕಿ ಅಡುಗೆ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಕೇಳಿದ್ದು ಇಷ್ಟೇ. ಆದರೆ ಪರೀಕ್ಷಕಿ ನಕಿರಿ ಎರಿನಾ. ಅವಳದು ‘ದೇವರ ನಾಲಿಗೆ’ ಎಂದು ಇಡೀ ಜಪಾನಿನ ಬಾಣಸಿಗರು ನಡುಗುತ್ತಾರೆ. ಅವಳ ಮುಖ ಕಂಡದ್ದೇ ತಡ, ಅಭ್ಯರ್ಥಿಗಳೆಲ್ಲ ಕಾಲಿಗೆ ಬುದ್ಧಿ ಹೇಳಿದರು. ನಿಂತವನು ಒಬ್ಬನೇ. ಅವನು ಯುಕಿಹಿರಾ ಸೋಮಾ, ಬೀದಿಬದಿಯ ಸಣ್ಣ ಹೋಟೆಲಿನವರ ಮಗ. ಅವನು ಮುಂದಿಟ್ಟದ್ದು ಒಂದು ಬಟ್ಟಲು ಬಿಸಿ ಅನ್ನ, ಅದರ ಮೇಲೆ ಉದುರಿಸಲು ಮೊಟ್ಟೆ ಮತ್ತು ಕಂದುಬಣ್ಣದ ಸಣ್ಣ ಸಣ್ಣ ತುಣುಕುಗಳು. ಅನ್ನದ ಬಿಸಿ ತಾಗುತ್ತಲೇ ತುಣುಕುಗಳು ಕರಗಿ ರಸವಾಗಿ ಅಗುಳಗುಳಿಗೂ ಇಳಿದವು. ಎರಿನಾ ತಿಂದಳು, ಕಲ್ಪನೆಯ ಸ್ವರ್ಗಕ್ಕೆ ಹಾರಿದಳು, ಇಳಿದು ಬಂದು ‘ರುಚಿಯಿಲ್ಲ’ ಎಂದು ಹಸಿ ಸುಳ್ಳು ಹೇಳಿದಳು.

ಈ ದೃಶ್ಯ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆದರೆ ಬಟ್ಟಲಲ್ಲಿ ನಡೆದದ್ದು ಸಾಚಾ ಅಡುಗೆ. ಆ ತುಣುಕುಗಳು ಗಟ್ಟಿಯಾದ ಕೋಳಿ ರೆಕ್ಕೆಯ ಸಾರು. ಕೋಳಿಯ ರೆಕ್ಕೆಗಳಲ್ಲಿ ಕೊಲಾಜನ್ ಹೆಚ್ಚು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಕುದಿಸಿದರೆ ಅದು ಜೆಲಾಟಿನ್ ಆಗಿ ಸಾರಿಗೆ ಬಿಡುತ್ತದೆ, ಸಾರು ತಣಿದಾಗ ಗಟ್ಟಿಯಾಗುತ್ತದೆ, ಬಿಸಿ ಕಂಡೊಡನೆ ಮತ್ತೆ ಕರಗುತ್ತದೆ. ಜಪಾನಿನ ಮನೆಗಳಲ್ಲಿ ‘ನಿಕೊಗೊರಿ’ ಎನ್ನುವುದು ಇದನ್ನೇ. ಪಾತ್ರಗಳು ಎಷ್ಟೇ ಎತ್ತರಕ್ಕೆ ಹಾರಾಡಿದರೂ ಒಲೆಯ ಮೇಲಿನ ಕೆಲಸದಲ್ಲಿ ಸುಳ್ಳಿಲ್ಲ. ನಗುವಿಗೆ ಬಲ ಬರುವುದು ಅಲ್ಲಿಂದಲೇ. ಈ ಲೇಖನದ ಆಯ್ಕೆಗಳೆಲ್ಲವನ್ನೂ ಇದೇ ಒರೆಗಲ್ಲಿಗೆ ಹಚ್ಚಿದ್ದೇನೆ: ಅಡುಗೆ ಬಲ್ಲವರು ಮಾಡಿದ ಹಾಸ್ಯವೇ, ಅಲ್ಲವೇ?

ಸೋಮಾ ನಮ್ಮನ್ನು ಹಿಡಿದಿಟ್ಟದ್ದು ಹೇಗೆ?

‘ಫುಡ್ ವಾರ್ಸ್’ನ ಮೂಲ ಹೆಸರು ‘ಶೊಕುಗೆಕಿ ನೊ ಸೋಮಾ’. ಅದು ಮೊದಲು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಯಾಗಿ ಬಂತು. ಕಥೆ ಯೂತೊ ತ್ಸುಕುದಾ ಅವರದು, ಚಿತ್ರ ಶುನ್ ಸಾಯೆಕಿ ಅವರದು. 2012ರಿಂದ 2019ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ನಡೆದು 36 ಸಂಪುಟಗಳಲ್ಲಿ ಮುಗಿಯಿತು. ಇವರಿಬ್ಬರ ಜೊತೆ ಮೂರನೆಯವರೊಬ್ಬರಿದ್ದರು, ಅಡುಗೆಗಾರ್ತಿ ಯೂಕಿ ಮೊರಿಸಾಕಿ. ಕಥೆಯ ತಿನಿಸುಗಳಿಗೆ ಪಾಕವಿಧಾನ ಅವರ ಕೊಡುಗೆ. ಜೆ.ಸಿ. ಸ್ಟಾಫ್ ಸ್ಟುಡಿಯೊ ಇದನ್ನು ಅನಿಮೆ, ಅಂದರೆ ಜಪಾನಿ ಅನಿಮೇಷನ್ ಸರಣಿ ಮಾಡಿತು, ನಿರ್ದೇಶಕರು ಯೊಶಿತೊಮೊ ಯೊನೆತಾನಿ. 2015ರಿಂದ 2020ರವರೆಗೆ ಐದು ಸೀಸನ್‌ಗಳಲ್ಲಿ 86 ಕಂತುಗಳು ಬಂದವು.

ಕಥೆ ಸರಳ. ಅಪ್ಪ ಹೋಟೆಲಿಗೆ ಬೀಗ ಹಾಕಿ ವಿದೇಶಕ್ಕೆ ಹೊರಡುತ್ತಾನೆ. ಅಪ್ಪನನ್ನು ಅಡುಗೆಯಲ್ಲಿ ಸೋಲಿಸಬೇಕೆಂಬ ಹಟ ಹೊತ್ತ ಮಗ ಶ್ರೀಮಂತರ ಮಕ್ಕಳು ಓದುವ ವಿದ್ಯಾಲಯಕ್ಕೆ ಬಂದು ಬೀಳುತ್ತಾನೆ. ಅಲ್ಲಿ ಜಗಳಗಳೆಲ್ಲ ಬಗೆಹರಿಯುವುದು ‘ಶೊಕುಗೆಕಿ’ಯಲ್ಲಿ, ಅಂದರೆ ಅಡುಗೆಯ ದ್ವಂದ್ವಯುದ್ಧದಲ್ಲಿ. ಸೋತವರು ಪಣಕ್ಕಿಟ್ಟದ್ದನ್ನು ಕೊಟ್ಟು ಹೋಗಬೇಕು.

ಆದರೆ ಸೋಮಾನ ಅಡುಗೆಯನ್ನು ಗಮನಿಸಿ. ದುಬಾರಿ ಪದಾರ್ಥ ಅವನ ಬಳಿ ಇರುವುದೇ ಅಪರೂಪ. ಎದುರಾಳಿ ಮಿತೊ ಇಕುಮಿ ಅತ್ಯುತ್ತಮ ದರ್ಜೆಯ ವಾಗ್ಯು ದನದ ಮಾಂಸ ತಂದರೆ, ಇವನು ಸೂಪರ್ ಮಾರ್ಕೆಟ್ಟಿನ ಅಗ್ಗದ ತುಂಡು ತರುತ್ತಾನೆ. ಅದನ್ನು ಈರುಳ್ಳಿಯಲ್ಲಿ ನೆನೆಸಿಟ್ಟು ಮೆತ್ತಗೆ ಮಾಡುತ್ತಾನೆ. ಇದು ‘ಶಾಲ್ಯಾಪಿನ್ ಸ್ಟೀಕ್’. 1936ರಲ್ಲಿ ಟೋಕಿಯೊದ ಇಂಪೀರಿಯಲ್ ಹೋಟೆಲಿನಲ್ಲಿ ತಂಗಿದ್ದ ರಷ್ಯದ ಒಪೆರಾ ಗಾಯಕ ಫ್ಯೋದರ್ ಶಾಲ್ಯಾಪಿನ್ ಹಲ್ಲುನೋವಿನಿಂದ ಗಟ್ಟಿ ಮಾಂಸ ಅಗಿಯಲಾರದೆ ಹೋದಾಗ ಅಲ್ಲಿನ ಬಾಣಸಿಗರು ಹುಡುಕಿದ ದಾರಿ. ನೋಯುವ ಹಲ್ಲಿನವನಿಗೂ ತಿನ್ನಲು ಬರುವಂತೆ ಬೇಯಿಸಬೇಕೆಂದು ಹುಟ್ಟಿದ ತಿನಿಸನ್ನು ಒಬ್ಬ ಹುಡುಗ ಯುದ್ಧ ಗೆಲ್ಲಲು ಬಳಸುತ್ತಾನೆ. ಸೋಮಾನ ಸ್ವಭಾವ ಏನೆಂಬುದು ಇದೊಂದರಲ್ಲೇ ತಿಳಿಯುತ್ತದೆ.

ಸೋಮಾನ ಸಹಪಾಠಿ ಮೆಗುಮಿಯ ಪ್ರಸಂಗವೂ ಹಾಗೆಯೇ. ಈಶಾನ್ಯ ಜಪಾನಿನ ಕರಾವಳಿ ಊರಿನ ಈ ನಾಚಿಕೆಯ ಹುಡುಗಿಯನ್ನು, ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಬಾಣಸಿಗ ಶಿನೊಮಿಯಾ ವಿದ್ಯಾಲಯದ ತರಬೇತಿ ಶಿಬಿರದಿಂದ ಹೊರಗೆ ಹಾಕಿದ. ಅವಳ ತಪ್ಪು, ಹೂಕೋಸು ಬೆಳ್ಳಗೆ ಉಳಿಯಲೆಂದು ಬೇಯಿಸುವಾಗ ಸ್ವಲ್ಪ ವಿನೆಗರ್ ಹಾಕಿದ್ದು. ಆ ಹುಳಿಯಿಂದ ಅವನ ಪಾಕ ಕೆಟ್ಟಿತಂತೆ. ಸೋಮಾ ಅವಳ ಪರವಾಗಿ ಸವಾಲು ಹಾಕಿದ, ಅಡುಗೆ ಮಾಡಿದ್ದು ಮಾತ್ರ ಅವಳೇ. ಏಳು ಬಣ್ಣದ ತರಕಾರಿಗಳನ್ನು ಪದರ ಪದರವಾಗಿ ಜೋಡಿಸಿದ ಅವಳ ತೆರೀನ್ ತಿಂದು ಶಿನೊಮಿಯಾಗೆ ತನ್ನ ತಾಯಿ ನೆನಪಾದಳು. ಪಂದ್ಯ ಸಮಬಲದಲ್ಲಿ ಮುಗಿಯಿತು. ಇಡೀ ಸರಣಿಯಲ್ಲಿ ನನಗೆ ಅತಿ ಪ್ರಿಯವಾದ ಪಂದ್ಯ ಯಾರೂ ಗೆಲ್ಲದ ಇದೇ ಪಂದ್ಯ.

ಒಂದು ಎಚ್ಚರಿಕೆ. ರುಚಿಯ ಸುಖ ತೋರಿಸಲು ಈ ಸರಣಿ ಪಾತ್ರಗಳ ಬಟ್ಟೆ ಹಾರಿಸುತ್ತದೆ. ಹದಿಹರೆಯದ ಹುಡುಗಿಯರನ್ನು ಹಾಗೆ ತೋರಿಸಿದ್ದು ನನಗೆ ಹಿಡಿಸಿಲ್ಲ. ಕಥೆಗೆ ಅದರ ಅಗತ್ಯವೂ ಇರಲಿಲ್ಲ. ಮಕ್ಕಳ ಜೊತೆ ಕೂತು ನೋಡುವ ಸರಣಿ ಇದಲ್ಲ. ಮುಂದೆ ಬರುವ ಹಲವನ್ನು ಧೈರ್ಯವಾಗಿ ಮನೆಮಂದಿಯೆಲ್ಲ ನೋಡಬಹುದು.

ಕರಿಯ ಪರೀಕ್ಷೆಯಲ್ಲಿ ತುಳಸಿ

ಭಾರತೀಯ ನೋಡುಗರಿಗೆ ಕಿವಿ ನಿಮಿರುವ ಘಟ್ಟ ಶರತ್ಕಾಲದ ಆಯ್ಕೆ ಪಂದ್ಯಗಳದು. ಅಲ್ಲಿ ಎಲ್ಲರೂ ಮಾಡಬೇಕಾದದ್ದು ಕರಿ. ಮೂಗಿನಿಂದಲೇ ಮಸಾಲೆಯ ಹದ ಅಳೆಯುವ ಹಯಾಮಾ ಅಕಿರಾ ಮೀನಿನ ತಲೆಯ ಕರಿ ಮಾಡುತ್ತಾನೆ. ಅದರ ಗುಟ್ಟು ತುಳಸಿ. ನಮ್ಮ ಕಟ್ಟೆಯ ಮೇಲೆ ಪೂಜೆಗೊಳ್ಳುವ ಗಿಡ ಥಾಯ್ಲೆಂಡಿನ ಬಾಣಲೆಗಳಲ್ಲಿ ದಿನನಿತ್ಯದ ಸೊಪ್ಪು ಎಂಬುದು ನೆನಪಿದ್ದರೆ ಈ ಆಯ್ಕೆ ವಿಚಿತ್ರ ಎನಿಸದು. ಹಯಾಮಾಗೆ 94 ಅಂಕ, ಸೋಮಾಗೆ 93. ನಾಯಕ ಒಂದೇ ಅಂಕದಲ್ಲಿ ಹಿಂದೆ ಬೀಳುತ್ತಾನೆ.

ಕರಿಯನ್ನು ಜಪಾನಿಗೆ ತಲುಪಿಸಿದ್ದು ಮೇಜಿ ಯುಗದಲ್ಲಿ ಬ್ರಿಟಿಷರು. ಅಲ್ಲಿ ಅದು ಹಿಟ್ಟು ಹುರಿದು ಗಟ್ಟಿ ಮಾಡಿದ ಸಿಹಿಮಿಶ್ರಿತ ಸಾರಾಯಿತು. ನೇರ ಭಾರತದಿಂದ ಹೋದ ಇನ್ನೊಂದು ಎಳೆಯೂ ಇದೆ. ವೈಸ್‌ರಾಯ್ ಹಾರ್ಡಿಂಜ್ ಮೇಲಿನ 1912ರ ಬಾಂಬ್ ಸಂಚಿನಲ್ಲಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ಟೋಕಿಯೊದ ಶಿಂಜುಕುವಿನಲ್ಲಿ ‘ನಕಮುರಾಯಾ’ ಎಂಬ ಬೇಕರಿ ನಡೆಸುತ್ತಿದ್ದ ದಂಪತಿ ಅವರನ್ನು ಬಚ್ಚಿಟ್ಟರು. ಮುಂದೆ ಆ ಮನೆಯ ಮಗಳನ್ನೇ ಬೋಸ್ ಮದುವೆಯಾದರು. 1927ರಲ್ಲಿ ನಕಮುರಾಯಾ ಬೋಸ್ ಕಲಿಸಿದ ಕೋಳಿ ಕರಿಯನ್ನು ಮಾರಾಟಕ್ಕಿಟ್ಟಿತು. ಅದು ಇಂದಿಗೂ ಅಲ್ಲಿ ಸಿಗುತ್ತದೆ. ಅನಿಮೆಯ ಕರಿ ಪಂದ್ಯ ನೋಡುವಾಗ ಈ ಚರಿತ್ರೆ ಗೊತ್ತಿದ್ದರೆ ರುಚಿ ಇನ್ನೊಂದು ಹಿಡಿ ಹೆಚ್ಚು.

ಪೈಪೋಟಿಯೇ ಬೇಕೆನ್ನುವವರಿಗೆ

ಸೋಮಾನ ಪಂದ್ಯಗಳು, ತಿಂದವರ ಅತಿರೇಕದ ಹಾವಭಾವಗಳು ನಿಮಗೆ ಇಷ್ಟವಾದವೇ? ಹಾಗಾದರೆ ಅವುಗಳ ಹಿರಿಯರನ್ನು ನೋಡಬೇಕು.

ಮೊದಲ ಹೆಸರು ‘ಯಾಕಿತಾತೆ!! ಜಪಾನ್’. ತಕಾಶಿ ಹಾಶಿಗುಚಿ ಅವರ ಮಾಂಗಾ ಆಧರಿಸಿ ಸನ್‌ರೈಸ್ ಸ್ಟುಡಿಯೊ 2004ರಿಂದ 2006ರವರೆಗೆ ಮಾಡಿದ 69 ಕಂತುಗಳು. ಫ್ರಾನ್ಸಿಗೊಂದು, ಜರ್ಮನಿಗೊಂದು ಬ್ರೆಡ್ ಇದೆ, ಅನ್ನ ತಿನ್ನುವ ಜಪಾನಿಗೆ ತನ್ನದೇ ಆದ ಬ್ರೆಡ್ ಯಾಕಿಲ್ಲ ಎಂದು ಹೊರಟವನು ಹಳ್ಳಿಹುಡುಗ ಅಜುಮಾ ಕಜುಮಾ. ಅವನದು ‘ಸೂರ್ಯನ ಕೈ’. ಅಂಗೈಯ ಬಿಸಿ ಹೆಚ್ಚು, ಆದ್ದರಿಂದ ಅವನು ನಾದಿದ ಹಿಟ್ಟು ಚೆನ್ನಾಗಿ ಹುದುಗುತ್ತದೆ. ನಮ್ಮಲ್ಲಿ ಕೈಗುಣ ಎನ್ನುತ್ತಾರಲ್ಲ, ಅದಕ್ಕೆ ಈ ಸರಣಿ ಶಾಖದ ಕಾರಣ ಕೊಡುತ್ತದೆ. ಯೀಸ್ಟ್ ಬೆಚ್ಚಗಿದ್ದರೆ ಚುರುಕಾಗುತ್ತದೆ ಎಂಬುದು ಬೇಕರಿಯವರೆಲ್ಲರಿಗೂ ಗೊತ್ತಿರುವ ಸಂಗತಿಯೇ. ಮನೆಯಲ್ಲಿ ಒವೆನ್ ಇಲ್ಲದವರಿಗಾಗಿ ಅನ್ನದ ಕುಕ್ಕರಿನಲ್ಲಿ ಬ್ರೆಡ್ ಮಾಡುವ ಉಪಾಯವೂ ಇದರಲ್ಲಿ ಬರುತ್ತದೆ. ತೀರ್ಪುಗಾರರ ಪ್ರತಿಕ್ರಿಯೆಗಳೋ ಲಂಗುಲಗಾಮಿಲ್ಲದವು. ಹಾಸ್ಯದ ಬಹುಪಾಲು ಜಪಾನಿ ಪದಚಮತ್ಕಾರ. ಸಬ್‌ಟೈಟಲ್ ಓದುವವರಿಗೆ ಅದರಲ್ಲಿ ಅರ್ಧ ಕೈತಪ್ಪುತ್ತದೆ. ಉಳಿದರ್ಧವೇ ಸಾಕಷ್ಟಿದೆ.

ಇನ್ನೂ ಹಿಂದೆ ಹೋದರೆ ‘ಮಿಸ್ಟರ್ ಅಜಿಕ್ಕೊ’. ದೈಸುಕೆ ತೆರಸಾವಾ ಅವರ ಕಥೆಯನ್ನು ಯಸುಹಿರೊ ಇಮಗಾವಾ 1987ರಿಂದ 1989ರವರೆಗೆ 99 ಕಂತುಗಳಲ್ಲಿ ನಿರ್ದೇಶಿಸಿದರು. ಅಮ್ಮನ ಜೊತೆ ಹೋಟೆಲ್ ನಡೆಸುವ ಹುಡುಗ ಯೋಯಿಚಿ. ಅವನ ಅಡುಗೆ ತಿಂದ ‘ರುಚಿಯ ಅರಸ’ನ ಬಾಯಿಂದ ಬೆಳಕಿನ ಹೊಳೆ ಹರಿಯುತ್ತದೆ, ಅವನು ಕಟ್ಟಡವೇ ಅದುರುವಂತೆ ಕೂಗುತ್ತಾನೆ. ಎರಿನಾ ಸ್ವರ್ಗಕ್ಕೆ ಹಾರಿದ ದಾರಿಯನ್ನು ಮೊದಲು ಸವೆಸಿದವನು ಈ ಮುದುಕ. ಚಿತ್ರಗಳು ಹಳತಾಗಿವೆ, ಆದರೆ ಹುರುಪು ಆರಿಲ್ಲ.

ಚೀನದ ಅಡುಗೆಯ ಒಲವಿದ್ದರೆ ‘ಚೂಕಾ ಇಚಿಬಾನ್!’ ಇದೆ. ಎತ್ಸುಶಿ ಒಗಾವಾ ಅವರ ಮಾಂಗಾ ಆಧರಿಸಿ 1997ರಲ್ಲಿ ಆರಂಭವಾದ 52 ಕಂತುಗಳ ಸರಣಿ. 19ನೆಯ ಶತಮಾನದ ಚೀನದಲ್ಲಿ ಸಿಚುವಾನ್ ಪ್ರಾಂತದ ಹುಡುಗ ಮಾವೊ, ತಾಯಿಯ ಹೆಸರು ಉಳಿಸಲು ಊರೂರು ಸುತ್ತಿ ಬಾಣಸಿಗರನ್ನು ಎದುರಿಸುತ್ತಾನೆ. ಪಂದ್ಯಗಳು ಪುರಾಣದ ಯುದ್ಧಗಳಷ್ಟು ಭರ್ಜರಿ.

ಅಡುಗೆಯ ‘ಯಾಕೆ, ಹೇಗೆ’ ಕೇಳುವವರಿಗೆ

ಒಂದೇ ಒಂದು ಸರಣಿ ಹೇಳಿ ಎಂದರೆ ನಾನು ಹೇಳುವುದು ‘ಡೆಲಿಷಿಯಸ್ ಇನ್ ಡಂಜನ್’. ರ್ಯೋಕೊ ಕುಯಿ ಅವರ ಮಾಂಗಾ 2014ರಲ್ಲಿ ‘ಹಾರ್ತಾ’ ಪತ್ರಿಕೆಯಲ್ಲಿ ಆರಂಭವಾಗಿ 2023ರಲ್ಲಿ ಮುಗಿಯಿತು, ಒಟ್ಟು 14 ಸಂಪುಟ. ಟ್ರಿಗರ್ ಸ್ಟುಡಿಯೊ 2024ರಲ್ಲಿ 24 ಕಂತುಗಳ ಅನಿಮೆ ಮಾಡಿತು, ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಎರಡನೆಯ ಸೀಸನ್ ಕೂಡ ಘೋಷಣೆಯಾಗಿದೆ.

ನೆಲದಡಿಯ ಮಾಯಾ ಚಕ್ರವ್ಯೂಹದಲ್ಲಿ ಕೆಂಪು ಡ್ರ್ಯಾಗನ್ ಒಂದು ಲಾಯೋಸನ ತಂಗಿ ಫಾಲಿನ್‌ಳನ್ನು ನುಂಗಿದೆ. ಅದು ಜೀರ್ಣಿಸಿಕೊಳ್ಳುವ ಮೊದಲು ತಲುಪಿದರೆ ಅವಳನ್ನು ಬದುಕಿಸಬಹುದು. ಆದರೆ ಕೈಯಲ್ಲಿ ಕಾಸಿಲ್ಲ, ಬುತ್ತಿಯಿಲ್ಲ. ದಾರಿಯಲ್ಲಿ ಸಿಗುವ ರಾಕ್ಷಸ ಜೀವಿಗಳನ್ನೇ ಬೇಯಿಸಿ ತಿಂದು ಮುಂದೆ ಹೋಗೋಣ ಎಂದು ತೀರ್ಮಾನವಾಗುತ್ತದೆ. ಲಾಯೋಸನಿಗೆ ಇದು ಒಳಗೊಳಗೇ ಬಹುಕಾಲದ ಆಸೆ. ಮಾಟಗಾತಿ ಮಾರ್ಸಿಲ್‌ಗೆ ನೆನೆದರೇ ವಾಕರಿಕೆ. ಅವಳ ‘ಬೇಡ ಬೇಡ’ ಎಂಬ ಚೀರಾಟ, ಆಮೇಲೆ ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸುವುದು ಪ್ರತಿ ಸಲವೂ ನಗಿಸುತ್ತದೆ.

ಸರಣಿಯ ಜೀವಾಳ ಕುಳ್ಳ ಅಡುಗೆಯವ ಸೆನ್ಶಿ. ಚಕ್ರವ್ಯೂಹದೊಳಗೆ ವರ್ಷಗಟ್ಟಲೆ ಬದುಕಿರುವ ಅವನು ನಡೆದಾಡುವ ಅಣಬೆಯನ್ನೂ ದೈತ್ಯ ಚೇಳನ್ನೂ ಒಂದೇ ಮಡಕೆಯಲ್ಲಿ ಬೇಯಿಸುತ್ತಾನೆ. ಮಣ್ಣಿನ ಗೋಲೆಮ್ ದೈತ್ಯರ ಬೆನ್ನ ಮೇಲೆ ತರಕಾರಿ ಬೆಳೆಯುತ್ತಾನೆ, ಸಮತೋಲನದ ಊಟದ ಬಗ್ಗೆ ಉಪನ್ಯಾಸ ಕೊಡುತ್ತಾನೆ. ತಾನಾಗಿ ನಡೆಯುವ ಉಕ್ಕಿನ ಕವಚದ ಒಳಗೆ ಚಿಪ್ಪುಜೀವಿಗಳು ಗೂಡು ಕಟ್ಟಿವೆ ಎಂದು ಗೊತ್ತಾದ ಕೂಡಲೇ ಅದೂ ಬಾಣಲೆ ಸೇರುತ್ತದೆ. ಇವೆಲ್ಲ ಇಲ್ಲದ ಪ್ರಾಣಿಗಳು. ಆದರೂ ಅವುಗಳ ದೇಹರಚನೆ, ಆಹಾರ, ಸಂತಾನ ಎಲ್ಲಕ್ಕೂ ಕುಯಿ ಅವರು ಜೀವಶಾಸ್ತ್ರಜ್ಞರ ಶ್ರದ್ಧೆಯಿಂದ ಲೆಕ್ಕ ಇಟ್ಟಿದ್ದಾರೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಪ್ಪು ಸವರಿ ಒಣಗಿಸಬೇಕು, ಎಷ್ಟು ಹೊತ್ತು ಬೇಯಬೇಕು ಎಂಬುದೆಲ್ಲ ನಂಬುವಂತಿದೆ. ಕಥೆ ಇಳಿದಂತೆಲ್ಲ ಆಳವಾಗುತ್ತದೆ. ತಿನ್ನುವುದೆಂದರೆ ಇನ್ನೊಂದು ಜೀವದ ಬೆಲೆಯಲ್ಲಿ ಬದುಕುವುದು ಎಂಬ ಮಾತನ್ನು ಈ ಸರಣಿ ನಗುನಗುತ್ತಲೇ ನಮ್ಮ ಮುಂದಿಡುತ್ತದೆ.

ಇದರ ಪಕ್ಕದಲ್ಲೇ ಇಡಬೇಕಾದದ್ದು ‘ಮೊಯಾಶಿಮೊನ್’. ಮಸಾಯುಕಿ ಇಶಿಕಾವಾ ಅವರ ಈ ಮಾಂಗಾಕ್ಕೆ 2008ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿ ಬಂದಿದೆ. ಅನಿಮೆ 2007ರಲ್ಲಿ ಬಂತು, ಎರಡನೆಯ ಸೀಸನ್ 2012ರಲ್ಲಿ. ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಸವಾಕಿ ತದಾಯಸು ಎಂಬ ಹುಡುಗನ ಬರಿಗಣ್ಣಿಗೆ ಸೂಕ್ಷ್ಮಜೀವಿಗಳು ಕಾಣುತ್ತವೆ. ಕಾಣುವುದಷ್ಟೇ ಅಲ್ಲ, ಅವು ಅವನೊಡನೆ ಮಾತಾಡುತ್ತವೆ. ಅಕ್ಕಿಯಿಂದ ಸಾಕೆ ಮದ್ಯ, ಸೋಯಾದಿಂದ ಮಿಸೊ ಮಾಡಿಸುವ ಆಸ್ಪರ್ಜಿಲಸ್ ಒರೈಜೆ ಎಂಬ ಶಿಲೀಂಧ್ರ ಇಲ್ಲಿ ದುಂಡುಮುಖದ ಮುದ್ದು ಪಾತ್ರ. ರಾತ್ರಿ ಇಡ್ಲಿ ಹಿಟ್ಟು ರುಬ್ಬಿಟ್ಟು ಬೆಳಗ್ಗೆ ಉಬ್ಬಿದ್ದನ್ನು ಕಂಡವರಿಗೆ ಈ ಲೋಕ ಹೊಸದೇನಲ್ಲ. ಅಲ್ಲಿ ಕೆಲಸ ಮಾಡುವುದು ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾ, ಇಲ್ಲಿ ಶಿಲೀಂಧ್ರ. ಕಣ್ಣಿಗೆ ಕಾಣದ ಕೈಗಳು ರುಚಿ ಕಟ್ಟುವ ಬಗೆಯನ್ನು ಇಷ್ಟು ತಮಾಷೆಯಾಗಿ, ಇಷ್ಟು ಖಚಿತವಾಗಿ ತೋರಿಸಿದ ಸರಣಿ ಇನ್ನೊಂದಿಲ್ಲ. ಮೊದಲ ಕಂತಿನಲ್ಲೇ ಸೀಲ್ ಪ್ರಾಣಿಯ ಹೊಟ್ಟೆಯೊಳಗೆ ಹಕ್ಕಿಗಳನ್ನು ತುಂಬಿ ಹುದುಗಿಸುವ ‘ಕಿವಿಯಾಕ್’ ಬರುತ್ತದೆ. ಊಟ ಮಾಡುತ್ತಾ ನೋಡಬೇಡಿ.

ಮನೆಯೂಟದ ನೆನಪು ಬೇಕೆನ್ನುವವರಿಗೆ

ಪಂದ್ಯ, ಗದ್ದಲ ಸಾಕು, ಬಿಸಿ ಅನ್ನದ ಮುಂದೆ ಕೂತ ನೆಮ್ಮದಿ ಬೇಕು ಎನ್ನುವವರು ‘ಸ್ವೀಟ್‌ನೆಸ್ ಅಂಡ್ ಲೈಟ್ನಿಂಗ್’ ನೋಡಿ. 2016ರ 12 ಕಂತುಗಳ ಸರಣಿ. ಗಣಿತ ಮೇಷ್ಟ್ರು ಇನುಜುಕಾ ಕೊಹೆಯಿ ಹೆಂಡತಿಯನ್ನು ಕಳೆದುಕೊಂಡು ಪುಟ್ಟ ಮಗಳು ತ್ಸುಮುಗಿಯನ್ನು ಒಬ್ಬನೇ ಸಾಕುತ್ತಿದ್ದಾನೆ. ಅಡುಗೆ ಬಾರದು. ದಿನವೂ ಅಂಗಡಿಯ ಡಬ್ಬಿ ಊಟ. ಒಂದು ಸಂಜೆ ಮಗಳು ಟಿ.ವಿ.ಯ ಅಡುಗೆ ಜಾಹೀರಾತಿಗೆ ಮುಖ ಅಂಟಿಸಿಕೊಂಡು ನಿಂತಿರುವುದನ್ನು ಕಂಡು ಅವನ ಎದೆ ಒಡೆಯುತ್ತದೆ. ಅವಳನ್ನೆತ್ತಿಕೊಂಡು ತನ್ನ ಶಿಷ್ಯೆ ಕೊತೊರಿಯ ತಾಯಿ ನಡೆಸುವ ಹೋಟೆಲಿಗೆ ಓಡುತ್ತಾನೆ. ತಾಯಿ ಇಲ್ಲ. ಕೊತೊರಿಗೋ ಚಾಕು ಎಂದರೆ ಭಯ. ಅವಳಿಗೆ ಮಾಡಲು ಬಂದದ್ದು ಮಣ್ಣಿನ ಮಡಕೆಯಲ್ಲಿ ಅನ್ನ, ಅಷ್ಟೇ. ಮುಚ್ಚಳ ತೆಗೆದಾಗ ಏಳುವ ಹಬೆಗೆ ಆ ಮಗು ಕೊಡುವ ಪ್ರತಿಕ್ರಿಯೆ, ಸೋಮಾನ ಎಲ್ಲ ಸ್ವರ್ಗಯಾತ್ರೆಗಳಿಗಿಂತ ದೊಡ್ಡದು.

ಅಲ್ಲಿಂದ ಮೂವರೂ ಸೇರಿ ಅಡುಗೆ ಕಲಿಯುತ್ತಾರೆ. ದೊಣ್ಣೆಮೆಣಸು ತಿನ್ನಲೊಲ್ಲದ ಮಗುವಿಗೆ ಅದನ್ನು ಹೇಗೆ ತಿನ್ನಿಸುವುದು ಎಂಬುದೇ ಇಲ್ಲಿ ದೊಡ್ಡ ಯುದ್ಧ. ತ್ಸುಮುಗಿಗೆ ಧ್ವನಿ ಕೊಟ್ಟದ್ದು ನಿಜವಾದ ಬಾಲಕಿಯೇ, ಆದ್ದರಿಂದ ಅವಳ ರಗಳೆಯೂ ಅಳುವೂ ನಟನೆ ಎನಿಸುವುದಿಲ್ಲ. ಮಕ್ಕಳೊಂದಿಗೆ ನೋಡಲು ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

‘ರೆಸ್ಟೋರೆಂಟ್ ಟು ಅನದರ್ ವರ್ಲ್ಡ್’ ಇನ್ನೊಂದು ಬಗೆಯ ತಂಪು. 2017ರಲ್ಲಿ ಮೊದಲ ಸೀಸನ್, 2021ರಲ್ಲಿ ಎರಡನೆಯದು. ‘ನೆಕೊಯಾ’ ಎಂಬ ಸಣ್ಣ ಹೋಟೆಲಿಗೆ ಶನಿವಾರ ರಜೆ. ಆದರೆ ಅಂದು ಅದರ ಬಾಗಿಲು ಬೇರೆ ಲೋಕಕ್ಕೆ ತೆರೆಯುತ್ತದೆ. ಮಂತ್ರವಾದಿ, ಯೋಧ, ಹಲ್ಲಿಮನುಷ್ಯ ಎಲ್ಲರೂ ಬಂದು ಕೂತು ತಮ್ಮ ತಮ್ಮ ನೆಚ್ಚಿನ ತಿನಿಸು ಕೇಳುತ್ತಾರೆ. ಯಾವುದು ಶ್ರೇಷ್ಠ ಎಂದು ವಾದ ಮಾಡುತ್ತಾರೆ. ಕೆಂಪು ಡ್ರ್ಯಾಗನ್ ರಾಣಿ ಸ್ಟ್ಯೂ ತಿಂದು, ಉಳಿದದ್ದನ್ನು ಹಂಡೆ ಸಮೇತ ಮನೆಗೆ ಹೊತ್ತೊಯ್ಯುತ್ತಾಳೆ. ದೊಡ್ಡ ಕಥೆಯೇನೂ ಇಲ್ಲ. ಯಾರೇ ಬಂದರೂ ಹೊಟ್ಟೆ ತುಂಬ ಬಡಿಸುವ ಒಬ್ಬ ಮಾಲೀಕನ ಸೌಜನ್ಯವೇ ಇಲ್ಲಿನ ಕಥೆ.

ಅನ್ನ ಎಲ್ಲಿಂದ ಬರುತ್ತದೆ?

ಅಡುಗೆಮನೆಯಿಂದ ಹೊಲಕ್ಕೆ, ಕೊಟ್ಟಿಗೆಗೆ ಕರೆದೊಯ್ಯುವ ಸರಣಿ ‘ಸಿಲ್ವರ್ ಸ್ಪೂನ್’. ಇದರ ಕರ್ತೃ ಹಿರೊಮು ಅರಕಾವಾ, ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಬರೆದವರು. ಹೊಕ್ಕೈದೊ ದ್ವೀಪದ ಹೈನುಗಾರರ ಮನೆಯಲ್ಲಿ ಹುಟ್ಟಿ ಬೆಳೆದವರು. ಆ ಅನುಭವ ಚೌಕಟ್ಟು ಚೌಕಟ್ಟಿನಲ್ಲೂ ಕಾಣುತ್ತದೆ. ಅನಿಮೆಯ ಎರಡು ಸೀಸನ್‌ಗಳು 2013 ಮತ್ತು 2014ರಲ್ಲಿ ಬಂದವು, ಒಟ್ಟು 22 ಕಂತು.

ಪಟ್ಟಣದ ಹುಡುಗ ಹಚಿಕೆನ್ ಅಂಕಗಳ ಓಟದಲ್ಲಿ ಬಳಲಿ, ಮನೆಯಿಂದ ದೂರವಾದರೆ ಸಾಕೆಂದು ಕೃಷಿ ಪ್ರೌಢಶಾಲೆಗೆ ಸೇರುತ್ತಾನೆ. ಸಹಪಾಠಿಗಳೆಲ್ಲ ರೈತರ ಮಕ್ಕಳು, ಅವರಿಗೆ ಗೊತ್ತಿರುವುದು ಇವನಿಗೆ ಗೊತ್ತಿಲ್ಲ. ಕೋಳಿ ಮೊಟ್ಟೆ ಇಡುವುದು ಎಲ್ಲಿಂದ ಎಂದು ಕಣ್ಣಾರೆ ಕಂಡು ಗಾಬರಿಯಾಗುತ್ತಾನೆ. ಆಮೇಲೆ ಅದೇ ತಾಜಾ ಮೊಟ್ಟೆಯನ್ನು ಬಿಸಿ ಅನ್ನಕ್ಕೆ ಒಡೆದು ಹಾಕಿ ತಿಂದು ಮಾತೇ ಹೊರಡದೆ ಕೂರುತ್ತಾನೆ. ಕಸದ ರಾಶಿಯಡಿ ಸಿಕ್ಕ ಹಳೆಯ ಇಟ್ಟಿಗೆ ಒಲೆಯನ್ನು ಸರಿಮಾಡಿ, ಶಾಲೆಯವರೇ ಬೆಳೆದ ತರಕಾರಿ, ಶಾಲೆಯವರೇ ಮಾಡಿದ ಚೀಸ್ ಹಾಕಿ ಪಿಜ್ಜಾ ಸುಡುವ ಕಂತು ಹಬ್ಬದಂತಿದೆ.

ನಗುವಿನ ನಡುವೆ ಒಂದು ಮರಿಹಂದಿ ಬರುತ್ತದೆ. ಹೆಸರಿಡಬೇಡ ಎಂದು ಎಲ್ಲರೂ ಹೇಳುತ್ತಾರೆ. ಅವನು ಇಟ್ಟೇಬಿಡುತ್ತಾನೆ, ‘ಬುತಾದೊನ್’ ಎಂದು. ಅದು ಅನ್ನದ ಮೇಲೆ ಹಂದಿಮಾಂಸ ಹಾಕಿದ ಒಂದು ತಿನಿಸಿನ ಹೆಸರು. ಅದು ಬೆಳೆದು ಕಸಾಯಿಖಾನೆಗೆ ಹೋಗುವ ದಿನ ಬಂದಾಗ ಹಚಿಕೆನ್ ಏನು ಮಾಡುತ್ತಾನೆ ಎಂಬುದು ಈ ಸರಣಿಯ ಹೃದಯ. ಯಾರಿಗೂ ಬುದ್ಧಿ ಹೇಳುವುದಿಲ್ಲ, ಯಾರನ್ನೂ ಅಪರಾಧಿ ಮಾಡುವುದಿಲ್ಲ. ಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗೆ ಕೂತು ನೋಡಿ ಮಾತಾಡಬಹುದಾದ ಕೃತಿ ಇದು. ಎರಡನೆಯ ಸೀಸನ್ನಿನಲ್ಲಿ ಗೆಳೆಯನೊಬ್ಬನ ಹೈನು ಸಾಲಕ್ಕೆ ಸಿಕ್ಕಿ ಮುಳುಗುತ್ತದೆ. ರೈತನ ಸಾಲದ ಕಥೆಯನ್ನು ಕನ್ನಡ ನೋಡುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಜಪಾನಿನ ಆಚೆ

ಅಮೆರಿಕದ ‘ಬಾಬ್ಸ್ ಬರ್ಗರ್ಸ್’ 2011ರ ಜನವರಿಯಲ್ಲಿ ಫಾಕ್ಸ್ ವಾಹಿನಿಯಲ್ಲಿ ಆರಂಭವಾಯಿತು. ಸೃಷ್ಟಿಸಿದವರು ಲೊರೆನ್ ಬೂಶಾರ್. ಬಾಡಿಗೆ ಕಟ್ಟಲೂ ಪರದಾಡುವ ಬರ್ಗರ್ ಅಂಗಡಿ, ಬಾಬ್, ಹೆಂಡತಿ ಲಿಂಡಾ, ಮೂವರು ತರಲೆ ಮಕ್ಕಳು. ಎದುರಿಗೇ ಗಿರಾಕಿಗಳಿಂದ ತುಂಬಿ ತುಳುಕುವ ಪಿಜ್ಜಾ ಅಂಗಡಿ. ಬಾಬ್‌ನ ಕೈಯಡುಗೆ ನಿಜಕ್ಕೂ ಒಳ್ಳೆಯದು, ವ್ಯಾಪಾರ ಮಾತ್ರ ಕೈಗೆ ಹತ್ತುವುದಿಲ್ಲ. ಸಣ್ಣ ಹೋಟೆಲ್ ನಡೆಸುವ ಕುಟುಂಬದ ದಣಿವನ್ನೂ ಪ್ರೀತಿಯನ್ನೂ ಇಷ್ಟು ಚೆನ್ನಾಗಿ ಬಲ್ಲ ಹಾಸ್ಯ ಸರಣಿ ವಿರಳ. ಇದಕ್ಕೆ 2014ರಲ್ಲೂ 2017ರಲ್ಲೂ ಎಮ್ಮಿ ಪ್ರಶಸ್ತಿ ಬಂದಿದೆ.

ಅಂಗಡಿಯ ಕಪ್ಪುಹಲಗೆಯಲ್ಲಿ ‘ಇಂದಿನ ಬರ್ಗರ್’ ಎಂದು ಒಂದು ಚೇಷ್ಟೆಯ ಹೆಸರು ಬರೆದಿರುತ್ತದೆ. ಕೋಲ್ ಬೌಡನ್ ಎಂಬ ಅಭಿಮಾನಿ ಆ ಹೆಸರುಗಳನ್ನು ಹಿಡಿದು ಒಂದೊಂದನ್ನೂ ನಿಜವಾಗಿ ಮಾಡಿ ನೋಡಿದ. ಅವನ ಪಾಕಗಳೇ 2016ರಲ್ಲಿ ಸರಣಿಯ ಅಧಿಕೃತ ಅಡುಗೆ ಪುಸ್ತಕವಾದವು. ತೆರೆಯ ಮೇಲಿನ ತಮಾಷೆಯನ್ನು ನೋಡುಗನೇ ಒಲೆಗೆ ತಂದ ಇಂಥ ಉದಾಹರಣೆ ಸಂತೋಷ ಕೊಡುತ್ತದೆ.

ಸರಣಿಯಲ್ಲದಿದ್ದರೂ ಬಿಡಲಾಗದ ಹೆಸರು ಪಿಕ್ಸಾರ್‌ನ ‘ರಾಟಟೂಯಿ’, 2007ರ ಚಲನಚಿತ್ರ. ನಿರ್ದೇಶಕ ಬ್ರಾಡ್ ಬರ್ಡ್. ಪ್ಯಾರಿಸ್ಸಿನ ಹೋಟೆಲಿನಲ್ಲಿ ಇಲಿಯೊಂದು ಬಾಣಸಿಗನಾಗುತ್ತದೆ. ಅಮೆರಿಕದ ಖ್ಯಾತ ಬಾಣಸಿಗ ಥಾಮಸ್ ಕೆಲ್ಲರ್ ಇದಕ್ಕೆ ಸಲಹೆಗಾರರಾಗಿದ್ದರು. ಕೊನೆಗೆ ಬಡಿಸುವ ತರಕಾರಿ ಬಿಲ್ಲೆಗಳ ತಿನಿಸು ಫ್ರಾನ್ಸಿನ ಮಿಶೆಲ್ ಗೆರಾರ್ ಅವರ ಪಾಕವನ್ನು ಕೆಲ್ಲರ್ ಹೊಂದಿಸಿಕೊಂಡದ್ದು. ಚೀಸನ್ನೂ ಸ್ಟ್ರಾಬೆರಿಯನ್ನೂ ಒಟ್ಟಿಗೆ ಕಚ್ಚಿದಾಗ ಇಲಿಯ ತಲೆಯಲ್ಲಿ ಬಣ್ಣಗಳು ಸಿಡಿಯುತ್ತವೆ. ಸೋಮಾನ ಸರಣಿ ಕೂಗಿ ಹೇಳುವುದನ್ನು ಈ ಚಿತ್ರ ಮೆಲುದನಿಯಲ್ಲಿ ಹೇಳುತ್ತದೆ. ಸಿಡುಕು ವಿಮರ್ಶಕ ಒಂದು ತುತ್ತಿಗೆ ತಾಯಿಯ ಮನೆಗೆ ಮರಳುವ ದೃಶ್ಯವನ್ನು ಶಿನೊಮಿಯಾ ಪ್ರಸಂಗದ ಜೊತೆ ಇಟ್ಟು ನೋಡಿ. ಇಬ್ಬರೂ ಗೆದ್ದು ಗಟ್ಟಿಯಾದವರು, ಇಬ್ಬರನ್ನೂ ಕರಗಿಸಿದ್ದು ತರಕಾರಿಯ ಸಾದಾ ಅಡುಗೆ.

ಯಾರಿಗೆ ಯಾವುದು?

ಪಂದ್ಯದ ರೋಮಾಂಚನ ಬೇಕೆಂದರೆ: ‘ಯಾಕಿತಾತೆ!! ಜಪಾನ್’.

ಸಾಹಸ, ಹಾಸ್ಯ, ಆಳ ಮೂರೂ ಬೇಕೆಂದರೆ: ‘ಡೆಲಿಷಿಯಸ್ ಇನ್ ಡಂಜನ್’.

ಹುದುಗಿಸುವಿಕೆ, ವಿಜ್ಞಾನದ ಕುತೂಹಲವಿದ್ದರೆ: ‘ಮೊಯಾಶಿಮೊನ್’.

ಮಕ್ಕಳ ಜೊತೆ: ‘ಸ್ವೀಟ್‌ನೆಸ್ ಅಂಡ್ ಲೈಟ್ನಿಂಗ್’, ‘ರಾಟಟೂಯಿ’.

ದಣಿದ ರಾತ್ರಿಗೆ: ‘ರೆಸ್ಟೋರೆಂಟ್ ಟು ಅನದರ್ ವರ್ಲ್ಡ್’.

ನಕ್ಕು, ನಿಂತು, ಯೋಚಿಸಲು: ‘ಸಿಲ್ವರ್ ಸ್ಪೂನ್’.

ಜಪಾನಿ ಸರಣಿಗಳನ್ನು ಆದಷ್ಟು ಮೂಲ ಧ್ವನಿಯಲ್ಲೇ ನೋಡಿ. ಎಣ್ಣೆಯ ಚಟಪಟ, ಚಾಕುವಿನ ಟಕಟಕದ ನಡುವೆ ಬರುವ ‘ಇತದಾಕಿಮಸು’ ಎಂಬ ಊಟದ ಮೊದಲ ಮಾತಿಗೆ ಅಲ್ಲಿನ ದನಿಯೇ ಚೆಂದ. ಮೀನು, ಮಾಂಸ, ಮೊಟ್ಟೆ ಎಲ್ಲದರಲ್ಲೂ ಧಾರಾಳವಾಗಿವೆ ಎಂಬುದು ಸಸ್ಯಾಹಾರಿಗಳಿಗೆ ಮೊದಲೇ ತಿಳಿದಿರಲಿ. ತಿನಿಸು ಬೇರೆಯಾದರೂ ಉರಿಯ ಹದ, ಉಪ್ಪಿನ ಹದ, ಕಾಯುವ ತಾಳ್ಮೆ ಎಲ್ಲ ಅಡುಗೆಮನೆಗಳಿಗೂ ಒಂದೇ.

ನನ್ನ ತೀರ್ಪು ಹೀಗಿದೆ. ಸೋಮಾ ಮುಗಿಸಿದವರು ಮೊದಲು ‘ಡೆಲಿಷಿಯಸ್ ಇನ್ ಡಂಜನ್’ ಹಿಡಿಯಿರಿ, ಆಮೇಲೆ ‘ಸಿಲ್ವರ್ ಸ್ಪೂನ್’. ಮೊದಲನೆಯದು ಸೋಮಾನ ಹುಚ್ಚನ್ನು ಮುಂದುವರಿಸುತ್ತದೆ, ಎರಡನೆಯದು ಆ ಹುಚ್ಚಿಗೆ ನೆಲ ಕೊಡುತ್ತದೆ. ಇವನ್ನು ಬರೀ ನೋಡಿ ಬಿಡಬೇಡಿ. ಒಂದೊಂದು ಸರಣಿಯಿಂದ ಒಂದಾದರೂ ತಿನಿಸನ್ನು ನಿಮ್ಮ ಒಲೆಯ ಮೇಲೆ ಮಾಡಿ ನೋಡಿ, ಮನೆಯವರಿಗೆ ಬಡಿಸಿ. ಅಡುಗೆ ಬಲ್ಲವರು ಕಟ್ಟಿದ ಈ ಹಾಸ್ಯಕ್ಕೆ ನೋಡುಗರು ಸಲ್ಲಿಸಬಹುದಾದ ಅತಿ ದೊಡ್ಡ ಗೌರವ ಅದೇ.